ಫೋನಿಗೆ ಹಾಕಿದ ಮೇಲೆ ಒಂದೇ ಆಲ್ಬಂ ಐದು ತುಂಡಾಗುತ್ತದೆ, ಯಾಕೆ?

ಉಣಕಲ್ ದಂಡೆ
ನಮಸ್ಕಾರ. ಲ್ಯಾಪ್‌ಟಾಪಿನಲ್ಲಿ ನನ್ನ ಹಾಡುಗಳೆಲ್ಲ ಅಚ್ಚುಕಟ್ಟಾಗಿವೆ. ಗಾಯಕರ ಹೆಸರಿಗೊಂದು ಫೋಲ್ಡರ್, ಅದರೊಳಗೆ ಆಲ್ಬಮ್ಮಿಗೊಂದು ಫೋಲ್ಡರ್. ಕೇಬಲ್ ಹಾಕಿ ಆಂಡ್ರಾಯ್ಡ್ ಫೋನಿಗೆ ಕಾಪಿ ಮಾಡಿದರೆ ಮಾತ್ರ ಎಲ್ಲ ಚೆಲ್ಲಾಪಿಲ್ಲಿ. ಮಲ್ಲಿಕಾರ್ಜುನ ಮನ್ಸೂರರ ಒಂದು ಆಲ್ಬಂ ಪ್ಲೇಯರಿನಲ್ಲಿ ಐದು ಕಡೆ ಕಾಣುತ್ತದೆ, ಒಂದೊಂದರಲ್ಲಿ ಒಂದೊಂದೇ ರಾಗ. ಇನ್ನೊಂದು ಕಡೆ ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ ಮೂವರನ್ನೂ ಒಟ್ಟಿಗೆ ಸೇರಿಸಿ 'ಲೈವ್' ಅಂತ ಒಂದೇ ಆಲ್ಬಂ ಮಾಡಿಟ್ಟಿದೆ. ನಿಧಾನದ ವಿಳಂಬಿತ್ ಮುಗಿದು ವೇಗದ ದ್ರುತ್ ಬರಬೇಕಾದ ಜಾಗದಲ್ಲಿ ಬೇರೆ ಯಾರದ್ದೋ ಠುಮ್ರಿ ಶುರುವಾಗುತ್ತದೆ. ಕೇಳೋ ಮೂಡೇ ಹೋಗುತ್ತದೆ.

ಬೇರೆ ಪ್ಲೇಯರ್ ಹಾಕಿ ನೋಡಿದೆ, ಸ್ವಲ್ಪ ಬೇರೆ ಥರ ಕೆಡುತ್ತದೆ ಅಷ್ಟೇ. ಇದು ಫೋನಿನ ತೊಂದರೆಯೋ, ಕೇಬಲ್ಲಿನಲ್ಲಿ ಏನಾದರೂ ಆಗುತ್ತಿದೆಯೋ?

ದುರ್ಗದಬೈಲ್ ಗಿರ್ಮಿಟ್
ಈ ಕಾಲದಲ್ಲೂ ಕೇಬಲ್ ಹಾಕಿ ಹಾಡು ತುಂಬಿಸ್ತೀರಾ? ಯೂಟ್ಯೂಬಿನಲ್ಲಿ ಎಲ್ಲ ಇದೆಯಲ್ಲ.

ಕಿರಾಣಾ ಕಿವಿ
ಎಲ್ಲ ಇಲ್ಲ. ಇರುವುದರಲ್ಲೂ ಜೋಡ್ ರಾಗದ ನಡುವೆ ಸಾಬೂನಿನ ಜಾಹೀರಾತು.

ಲೈನ್ ಬಜಾರ್
ಕೇಬಲ್ಲಿನದ್ದಲ್ಲ. ಕಾಪಿ ಮಾಡುವಾಗ ಫೈಲ್ ಇದ್ದ ಹಾಗೇ ಹೋಗುತ್ತದೆ. ಪ್ಲೇಯರ್ ಆ್ಯಪ್‌ಗಳಲ್ಲಿ ಹೆಚ್ಚಿನವು ನಿಮ್ಮ ಫೋಲ್ಡರ್ ನೋಡುವುದೇ ಇಲ್ಲ. ಫೈಲಿನ ಒಳಗೆ ಬರೆದಿರುವ ಟ್ಯಾಗ್ ಓದುತ್ತವೆ. ಕ್ಯಾಸೆಟ್ಟಿನ ಡಬ್ಬಿಯ ಮೇಲೆ ನೀವು ಏನು ಬರೆದಿದ್ದರೂ ಅದು ಒಳಗಿನ ಚೀಟಿಯನ್ನೇ ನಂಬುತ್ತದೆ ಅಂದುಕೊಳ್ಳಿ. ಮೊದಲು ಆ ಐದು ಫೈಲುಗಳ ಟ್ಯಾಗ್ ಏನಿದೆ ಅಂತ ನೋಡಿ ಇಲ್ಲಿ ಹಾಕಿ. ವಿಂಡೋಸ್ ಆದರೆ ಎಂಪಿ3ಟ್ಯಾಗ್ ಅನ್ನುವ ಸಾಫ್ಟ್‌ವೇರ್ ಸಾಕು, ದುಡ್ಡು ಕೊಡಬೇಕಾಗಿಲ್ಲ. ಲಿನಕ್ಸಿನಲ್ಲಿ ಕಿಡ್3 ಇದೆ.

ರಾಣೆಬೆನ್ನೂರು ಪ್ಯಾಸೆಂಜರ್
ಇದೇ ಕಾಟ ನನಗೂ. ಉತ್ತರಕ್ಕೆ ಕಾಯ್ತಾ ಇದ್ದೇನೆ.

ಉಣಕಲ್ ದಂಡೆ
ಎಂಪಿ3ಟ್ಯಾಗ್‌ನಲ್ಲಿ ತೆರೆದೆ. ಆಲ್ಬಂ ಹೆಸರು ಐದರಲ್ಲೂ ಒಂದೇ. ಆರ್ಟಿಸ್ಟ್ ಅನ್ನುವ ಕಡೆ ಮಾತ್ರ ಹೀಗಿದೆ.

ಖಟ್: ಮಲ್ಲಿಕಾರ್ಜುನ ಮನ್ಸೂರ್
ಬಿಹಾರಿ: ಪಂ. ಮಲ್ಲಿಕಾರ್ಜುನ ಮನ್ಸೂರ್
ಸಂಪೂರ್ಣ ಮಾಲಕಂಸ: ಮಲ್ಲಿಕಾರ್ಜುನ ಮನ್ಸೂರ್, ತಬಲಾ, ಹಾರ್ಮೋನಿಯಂ (ಸಾಥಿಯವರ ಹೆಸರುಗಳೂ ಇವೆ)
ಶಿವಮತ ಭೈರವ: ಮನ್ಸೂರ್ ಎಂ.
ಲಚ್ಚಾಸಾಖ: ಯಾವುದೋ ಡೌನ್‌ಲೋಡ್ ಜಾಲತಾಣದ ಹೆಸರು

ಆಲ್ಬಂ ಆರ್ಟಿಸ್ಟ್ ಅಂತ ಇನ್ನೊಂದು ಕಾಲಂ ಇದೆ. ಅದು ಐದರಲ್ಲೂ ಖಾಲಿ.

ಲೈನ್ ಬಜಾರ್
ಅಲ್ಲೇ ಇದೆ ನೋಡಿ ನಿಮ್ಮ ರೋಗ. ಆರ್ಟಿಸ್ಟ್ ಬೇರೆ, ಆಲ್ಬಂ ಆರ್ಟಿಸ್ಟ್ ಬೇರೆ. ಮೊದಲನೆಯದು ಆ ಒಂದು ಹಾಡಿನಲ್ಲಿ ಯಾರಿದ್ದಾರೆ ಅಂತ. ಎರಡನೆಯದು ಇಡೀ ಆಲ್ಬಂ ಯಾರ ಹೆಸರಿನ ಕೆಳಗೆ ನಿಲ್ಲಬೇಕು ಅಂತ. ಎರಡನೆಯದು ಖಾಲಿ ಇದ್ದರೆ ಎಷ್ಟೋ ಆ್ಯಪ್‌ಗಳು ಮೊದಲನೆಯದನ್ನೇ ಹಿಡಿದು ಗುಂಪು ಮಾಡುತ್ತವೆ. ನಿಮ್ಮಲ್ಲಿ ಐದು ಹೆಸರು, ಅದಕ್ಕೇ ಐದು ಆಲ್ಬಂ.

ಐದೂ ಫೈಲ್ ಒಟ್ಟಿಗೆ ಸೆಲೆಕ್ಟ್ ಮಾಡಿ. ಆಲ್ಬಂ ಆರ್ಟಿಸ್ಟ್ ಜಾಗದಲ್ಲಿ ಒಂದೇ ಸಲ 'ಮಲ್ಲಿಕಾರ್ಜುನ ಮನ್ಸೂರ್' ಅಂತ ಬರೆದು ಸೇವ್ ಮಾಡಿ. ಬೇರೆ ಕಡೆಗಳಲ್ಲಿ 'ಕೀಪ್' ಅಂತ ಇರುತ್ತದೆ, ಅದನ್ನು ಮುಟ್ಟಬೇಡಿ. ಮುಟ್ಟಿದರೆ ಐದೂ ಹಾಡಿಗೆ ಒಂದೇ ಶೀರ್ಷಿಕೆ ಕೂರುತ್ತದೆ.

ಕಿರಾಣಾ ಕಿವಿ
'ಲೈವ್' ಸಮಸ್ಯೆಗೂ ಇದೇ ಔಷಧ. ಆಲ್ಬಂ ಹೆಸರನ್ನು ಮಾತ್ರ ನೋಡುವ ಆ್ಯಪ್ ಇದ್ದರೆ ಮಾತ್ರ ಹೆಸರನ್ನೇ ಬದಲಿಸಬೇಕು. 'ಲೈವ್' ಅನ್ನುವುದು ಒಂದು ಹೆಸರಾ? ಊರು, ವರ್ಷ ಸೇರಿಸಿ.

ಹಾವೇರಿ ಏಲಕ್ಕಿ
ಇಷ್ಟೆಲ್ಲ ಯಾಕೆ? ಫೋಲ್ಡರ್ ತೋರಿಸುವ ಪ್ಲೇಯರ್ ಹಾಕಿಕೊಂಡರೆ ಮುಗೀತು. ವಿಎಲ್‌ಸಿ ಇದೆ. ನಾನು ಟ್ಯಾಗ್ ಅನ್ನುವುದನ್ನು ನೋಡಿದ್ದೇ ಇಲ್ಲ, ಸುಖವಾಗಿದ್ದೇನೆ.

ಲೈನ್ ಬಜಾರ್
ಕಾರಿಗೆ ಬ್ಲೂಟೂತ್ ಹಚ್ಚಿದಾಗ ಪರದೆಯ ಮೇಲೆ 'ಅನ್‌ನೋನ್ ಆರ್ಟಿಸ್ಟ್, ಟ್ರ್ಯಾಕ್ 07' ಅಂತ ಬರುತ್ತದಲ್ಲ, ಅದೂ ಸುಖವೇ?

ಹಾವೇರಿ ಏಲಕ್ಕಿ
ನನಗೆ ಕಿವಿ ಇದೆ. ಯಾರು ಹಾಡ್ತಾ ಇದ್ದಾರೆ ಅಂತ ಗೊತ್ತಾಗುತ್ತದೆ.

ಸಪ್ತಾಪುರ ಕೋಡರ್
ಇಬ್ಬರ ಮಾತಿನಲ್ಲೂ ಅರ್ಧ ನಿಜ ಇದೆ. ಹಳೆಯ ಆಂಡ್ರಾಯ್ಡ್‌ನಲ್ಲಿ ಹಾಡುಗಳನ್ನು ಹುಡುಕಿ ಪಟ್ಟಿ ಮಾಡುವ ಮೀಡಿಯಾ ಸ್ಕ್ಯಾನರ್ ಕೆಲಸ ಮಾಡುತ್ತಿದ್ದ ರೀತಿ ಹೀಗಿತ್ತು. ಆಲ್ಬಂ ಆರ್ಟಿಸ್ಟ್ ಇದ್ದರೆ ಅದರ ಮೇಲೆ ಗುಂಪು. ಅದಿಲ್ಲದೆ ಕಂಪೈಲೇಶನ್ (ಹಲವರ ಹಾಡಿನ ಸಂಕಲನ) ಗುರುತು ಇದ್ದರೆ, ಅದೇ ಆಲ್ಬಂ ಹೆಸರಿನ ಹಾಡುಗಳೆಲ್ಲ ಒಂದೇ ಆಲ್ಬಂ. ಎರಡೂ ಇಲ್ಲದಿದ್ದರೆ ಫೈಲ್ ಯಾವ ಫೋಲ್ಡರಿನಲ್ಲಿದೆ ಅಂತ ನೋಡುತ್ತಿತ್ತು. ಹಾಗಾಗಿ ಏಲಕ್ಕಿಯವರ ಹಳೆಯ ಫೋನಿನಲ್ಲಿ ಬರೀ ಫೋಲ್ಡರಿನಿಂದ ಕೆಲಸ ನಡೆದಿರಬಹುದು. ಆದರೆ ಒಂದೇ ಆಲ್ಬಮ್ಮಿನ ಎರಡು ಸಿಡಿಯನ್ನು ಎರಡು ಫೋಲ್ಡರಿನಲ್ಲಿ ಇಟ್ಟರೆ ಅಲ್ಲೂ ಎರಡು ತುಂಡು.

ಇವತ್ತು ಒಳ್ಳೆಯ ಪ್ಲೇಯರ್‌ಗಳು ಟ್ಯಾಗನ್ನು ತಾವೇ ಓದಿಕೊಳ್ಳುತ್ತವೆ, ಒಂದೊಂದರ ಲೆಕ್ಕ ಒಂದೊಂದು ಥರ. ಉಣಕಲ್‌ನವರು ಆ್ಯಪ್ ಬದಲಿಸಿದಾಗ ಬೇರೆ ಥರ ಕೆಟ್ಟಿದ್ದು ಅದಕ್ಕೇ. ಯಾವ ಆ್ಯಪ್ ಬಂದರೂ ಕೆಡಬಾರದು ಅಂದರೆ ಫೈಲನ್ನೇ ಸರಿ ಮಾಡಬೇಕು. ಅದೂ ಕಂಪ್ಯೂಟರಿನಲ್ಲಿ. ಫೋನಿನಲ್ಲಿ ಕೂತು ಒಂದೊಂದೇ ತಿದ್ದಿದರೆ ಮುಂದಿನ ಸಲ ಕಾಪಿ ಮಾಡಿದಾಗ ಹಳೆಯ ಫೈಲೇ ಮೇಲೆ ಬಂದು ಕೂರುತ್ತದೆ.

ದುರ್ಗದಬೈಲ್ ಗಿರ್ಮಿಟ್
ಐಫೋನಿನಲ್ಲಿ ಈ ಗೋಳೇ ಇಲ್ಲ.

ಸಪ್ತಾಪುರ ಕೋಡರ್
ಇದೆ ಸ್ವಾಮಿ, ಇನ್ನೂ ಜಾಸ್ತಿ ಇದೆ. ಅದರ ಮ್ಯೂಸಿಕ್ ಆ್ಯಪ್‌ಗೆ ಫೋಲ್ಡರ್ ಅಂದರೇನು ಅಂತಲೇ ಗೊತ್ತಿಲ್ಲ. ಎಲ್ಲ ಟ್ಯಾಗಿನ ಮೇಲೇ. ವಿಂಡೋಸಿನ ಐಟ್ಯೂನ್ಸ್‌ನಲ್ಲಿ ಹಾಡುಗಳನ್ನು ಸೆಲೆಕ್ಟ್ ಮಾಡಿ ಮಾಹಿತಿಯ ಪೆಟ್ಟಿಗೆ ತೆರೆದರೆ ಇದೇ ಆಲ್ಬಂ ಆರ್ಟಿಸ್ಟ್ ಜಾಗ ಇದೆ. ಕೆಳಗೆ 'ಆಲ್ಬಂ ಈಸ್ ಎ ಕಂಪೈಲೇಶನ್' ಅಂತ ಒಂದು ಟಿಕ್ ಕೂಡ ಇದೆ. ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾದಿಂದ ಐಟ್ಯೂನ್ಸ್ ಹೋಯಿತು. ಹಾಡು ತಿದ್ದುವುದು ಮ್ಯೂಸಿಕ್‌ನಲ್ಲಿ, ಸಿಂಕ್ ಮಾಡುವುದು ಫೈಂಡರ್‌ನಲ್ಲಿ.

ಬೆಟಗೇರಿ ರೀಲು
ತಡವಾಗಿ ಬಂದೆ. ನನ್ನದು ಇನ್ನೊಂದು ತರಹದ ಕಷ್ಟ, ಇಲ್ಲೇ ಹೇಳ್ತೀನಿ, ಹೊಸ ಚರ್ಚೆ ಬೇಡ.

ಮನೆಯಲ್ಲಿ ಕ್ಯಾಸೆಟ್‌ಗಳ ರಾಶಿ ಇದೆ. ಗದಗಿನವರು ಅಂದ ಮೇಲೆ ಗೊತ್ತಲ್ಲ, ವೀರೇಶ್ವರ ಪುಣ್ಯಾಶ್ರಮದ ಕಡೆಯ ವಚನ ಗಾಯನ, ತತ್ವಪದ, ಭಜನೆ, ಎಲ್ಲ ಇದೆ. ಇವನ್ನು ಎಂಪಿ3 ಮಾಡಿಸಲು ಒಂದು ಅಂಗಡಿಗೆ ಕೊಟ್ಟಿದ್ದೆ. ಪೆನ್‌ಡ್ರೈವಿನಲ್ಲಿ ತುಂಬಿ ಕೊಟ್ಟರು. ಫೋನಿಗೆ ಹಾಕಿ ನೋಡಿದರೆ ಆರ್ಟಿಸ್ಟ್ ಪಟ್ಟಿಯಲ್ಲಿ ಮೊದಲ ಹೆಸರು ಆ ಅಂಗಡಿಯದ್ದೇ! ಎಲ್ಲ ಕ್ಯಾಸೆಟ್ಟಿಗೂ ಆಲ್ಬಂ ಹೆಸರು ಅಂಗಡಿಯ ಹೆಸರು, ಮುಖಪುಟದ ಚಿತ್ರ ಅಂಗಡಿಯ ಬೋರ್ಡು, ಅದರಲ್ಲಿ ಮೊಬೈಲ್ ನಂಬರ್ ಬೇರೆ. ಅಕ್ಕಮಹಾದೇವಿಯ ವಚನ ಕೇಳ್ತಾ ಲಾಕ್ ಸ್ಕ್ರೀನ್ ನೋಡಿದರೆ 'ಎಲ್ಲಾ ಬಗೆಯ ಮೊಬೈಲ್ ರಿಪೇರಿ ಮಾಡಲಾಗುವುದು' ಅಂತ ಕಾಣುತ್ತದೆ.

ಇನ್ನೊಂದು ತಮಾಷೆ. ವಚನಗಳ ಕೆಲವು ಕ್ಯಾಸೆಟ್ಟಿಗೆ ಆರ್ಟಿಸ್ಟ್ ಅಂತ 'ಬಸವಣ್ಣ' ಅಂತ ಹಾಕಿದ್ದಾರೆ. ಶರೀಫರ ಪದಗಳಿಗೆ ಆರ್ಟಿಸ್ಟ್ 'ಶಿಶುನಾಳ ಶರೀಫ'. 1889ರಲ್ಲಿ ತೀರಿಹೋದವರು ಸ್ಟೀರಿಯೊದಲ್ಲಿ ಹಾಡಿದ್ದಾರೆ.

ಕಿರಾಣಾ ಕಿವಿ
ಶರೀಫರ ಸ್ಟೀರಿಯೊ ರೆಕಾರ್ಡಿಂಗ್ ಸಿಕ್ಕರೆ ಮೊದಲು ನನಗೆ ಕಳಿಸಿ.

ಲೈನ್ ಬಜಾರ್
ಅದಕ್ಕೇ ಕಂಪೋಸರ್ ಅಂತ ಬೇರೆ ಜಾಗ ಇದೆ. ಬಸವಣ್ಣ, ಅಲ್ಲಮ, ಶರೀಫ ಎಲ್ಲ ಅಲ್ಲಿ. ಹಾಡಿದವರು ಆರ್ಟಿಸ್ಟ್‌ನಲ್ಲಿ. ಚಿತ್ರ ತೆಗೆಯುವುದು ಸುಲಭ. ಎಂಪಿ3ಟ್ಯಾಗ್‌ನಲ್ಲಿ ಎಲ್ಲ ಸೆಲೆಕ್ಟ್ ಮಾಡಿ, ಎಡಗಡೆ ಕೆಳಗೆ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ, ರಿಮೂವ್ ಕವರ್, ಸೇವ್.

ಹಾವೇರಿ ಏಲಕ್ಕಿ
ಕಂಪೋಸರ್ ಅಂದರೆ ರಾಗ ಸಂಯೋಜನೆ ಮಾಡಿದವರು. ಸಾಹಿತ್ಯ ಬರೆದವರಿಗೆ ಲಿರಿಸಿಸ್ಟ್ ಅಂತ ಇನ್ನೊಂದು ಜಾಗವಿದೆ. ಟ್ಯಾಗ್ ನೋಡದವನಿಗೂ ಇಷ್ಟು ಗೊತ್ತು.

ಲೈನ್ ಬಜಾರ್
ಗೊತ್ತು ಮಹರಾಯರೇ. ಆದರೆ ಫೋನಿನ ಆ್ಯಪ್‌ಗಳಲ್ಲಿ ಕಂಪೋಸರ್ ಪ್ರಕಾರ ಹುಡುಕಲು ಸಿಗುತ್ತದೆ, ಲಿರಿಸಿಸ್ಟ್ ಪ್ರಕಾರ ಎಲ್ಲೋ ಅಪರೂಪ. ಬಸವಣ್ಣನ ವಚನ ಯಾರ್‍ಯಾರು ಹಾಡಿದ್ದಾರೆ ಅಂತ ಒಂದೇ ಕಡೆ ಸಿಗಲಿ ಅಂತ ನಾನು ಹಾಗೆ ಹಾಕಿಕೊಳ್ತೀನಿ. ಶಾಸ್ತ್ರ ನಿಮ್ಮದು, ಅನುಕೂಲ ನನ್ನದು.

ರಾಣೆಬೆನ್ನೂರು ಪ್ಯಾಸೆಂಜರ್
ಸಿನಿಮಾ ಹಾಡಿಗೆ ಏನು ಮಾಡಬೇಕು? ಒಂದು ಚಿತ್ರದಲ್ಲಿ ಪಿ.ಬಿ. ಶ್ರೀನಿವಾಸ್ ಎರಡು, ಎಸ್. ಜಾನಕಿ ಒಂದು, ಇಬ್ಬರೂ ಸೇರಿ ಒಂದು. ನನ್ನ ಫೋನಿನಲ್ಲಿ ಒಂದು ಚಿತ್ರ ಮೂರು ಆಲ್ಬಂ ಆಗಿದೆ.

ಲೈನ್ ಬಜಾರ್
ಆಲ್ಬಂ ಆರ್ಟಿಸ್ಟ್‌ಗೆ ಸಂಗೀತ ನಿರ್ದೇಶಕರ ಹೆಸರು. ಗಾಯಕರು ಆರ್ಟಿಸ್ಟ್‌ನಲ್ಲೇ ಇರಲಿ.

ದುರ್ಗದಬೈಲ್ ಗಿರ್ಮಿಟ್
ಅದು ಅನ್ಯಾಯ. ಜನ ಹಾಡು ನೆನಪಿಡುವುದು ಗಾಯಕರಿಂದ. 'ವಿವಿಧ ಗಾಯಕರು' ಅಂತ ಹಾಕಿ.

ಕಿರಾಣಾ ಕಿವಿ
ಹಾಗೆ ಹಾಕಿದರೆ ಇಡೀ ಕನ್ನಡ ಚಿತ್ರರಂಗ 'ವಿವಿಧ ಗಾಯಕರು' ಅನ್ನುವ ಒಬ್ಬ ಮನುಷ್ಯನ ಕೆಳಗೆ ಬರುತ್ತದೆ. ನಿರ್ದೇಶಕರ ಹೆಸರೇ ವಾಸಿ. ಜಿ.ಕೆ. ವೆಂಕಟೇಶ್ ಒಂದು ಕಡೆ, ವಿಜಯಭಾಸ್ಕರ್ ಒಂದು ಕಡೆ, ರಾಜನ್-ನಾಗೇಂದ್ರ ಒಂದು ಕಡೆ. 'ವಿವಿಧ' ಅನ್ನುವುದನ್ನು ನಿಜವಾದ ಸಂಕಲನಕ್ಕೆ ಇಟ್ಟುಕೊಳ್ಳಿ.

ದುರ್ಗದಬೈಲ್ ಗಿರ್ಮಿಟ್
ಒಪ್ಪಲ್ಲ, ಆದರೂ ಬಿಡಿ.

ಉಣಕಲ್ ದಂಡೆ
ಲೈನ್ ಬಜಾರ್ ಅವರು ಹೇಳಿದ ಹಾಗೆ ಮಾಡಿದೆ. ಮನ್ಸೂರರ ಆಲ್ಬಂ ಒಂದಾಯಿತು, ಥ್ಯಾಂಕ್ಸ್! ಆದರೆ ಭೀಮಸೇನ ಜೋಶಿಯವರದ್ದು ಮಾತ್ರ ಈಗಲೂ ಎರಡಾಗಿಯೇ ಇದೆ. ಅಕ್ಷರ ಅಕ್ಷರ ನೋಡಿದೆ. ಎರಡರಲ್ಲೂ 'ಭೀಮಸೇನ ಜೋಶಿ'. ಹಿಂದೆ ಮುಂದೆ ಸ್ಪೇಸ್ ಇಲ್ಲ. ಫೋನ್ ಆಫ್ ಮಾಡಿ ಆನ್ ಮಾಡಿದ್ದೂ ಆಯಿತು.

ಸಪ್ತಾಪುರ ಕೋಡರ್
ಇದು ಚೆನ್ನಾಗಿದೆ. ಎರಡು ಸಾಧ್ಯತೆ ಇವೆ, ಎರಡೂ ಕಣ್ಣಿಗೆ ಕಾಣುವುದಿಲ್ಲ.

ಒಂದು, ಫೋನು, ಕಂಪ್ಯೂಟರುಗಳು ಅಕ್ಷರಕ್ಕೆ ಬಳಸುವ ಯುನಿಕೋಡ್‌ನಲ್ಲಿ 'ಜೋ' ಎರಡು ರೀತಿ ಬರೆಯಬಹುದು. 'ಜ' ಆದ ಮೇಲೆ 'ೋ' ಅನ್ನುವ ಒಂದೇ ಚಿಹ್ನೆ ಹಾಕಬಹುದು. ಇಲ್ಲವೇ ಮೊದಲು ಹ್ರಸ್ವ 'ೊ' ಹಾಕಿ, ಅದರ ಪಕ್ಕ ದೀರ್ಘದ ಚಿಹ್ನೆ 'ೕ' ಬೇರೆಯಾಗಿ ಹಾಕಬಹುದು. ಪರದೆಯ ಮೇಲೆ ಎರಡೂ ಒಂದೇ. ಪ್ಲೇಯರಿಗೆ ಬೇರೆ ಬೇರೆ ಮನುಷ್ಯರು. ಹಳೆಯ ಫಾಂಟಿನಿಂದ ಯುನಿಕೋಡಿಗೆ ಬದಲಿಸಿದ ಪಠ್ಯದಲ್ಲಿ ಹೀಗೆ ಒಡೆದ ದೀರ್ಘ ಬಂದಿರಬಹುದು. 'ಭೀ'ಯಲ್ಲೂ ಇದೇ ಕಥೆ.

ಎರಡು, ಅರ್ಧಾಕ್ಷರದ ಕೊನೆಯಲ್ಲಿ ಕೆಲವು ಕೀಬೋರ್ಡ್‌ಗಳು ಕಾಣದ ಒಂದು ಅಕ್ಷರ ಸೇರಿಸುತ್ತವೆ, ಝಡ್‌ಡಬ್ಲ್ಯೂಎನ್‌ಜೆ ಅಂತ. ಮುಂದಿನ ಅಕ್ಷರ ಅರ್ಧಾಕ್ಷರಕ್ಕೆ ಒತ್ತಾಗಿ ಅಂಟದಿರಲಿ ಅಂತ ಅದು ಇರುವುದು. 'ರಾಜ್‌ಕುಮಾರ್' ಬರೆಯಲು ಅದು ಬೇಕೇ ಬೇಕು. ಆದರೆ 'ಮನ್ಸೂರ್' ಕೊನೆಯಲ್ಲಿ ಕೂತರೆ ಉಪಯೋಗವೂ ಇಲ್ಲ, ಕಾಣುವುದೂ ಇಲ್ಲ.

ಪತ್ತೆ ಹಚ್ಚಲು ಹೋಗಬೇಡಿ. ಎಲ್ಲ ಫೈಲ್ ಸೆಲೆಕ್ಟ್ ಮಾಡಿ ಹೆಸರನ್ನು ಒಂದು ಸಲ ಹೊಸದಾಗಿ ಟೈಪ್ ಮಾಡಿ ಎಲ್ಲಕ್ಕೂ ಒಟ್ಟಿಗೆ ಬರೆಯಿರಿ. ಮುಂದೆ ಹೊಸ ಆಲ್ಬಂ ಬಂದಾಗ ಟೈಪ್ ಮಾಡಬೇಡಿ, ಹಳೆಯ ಫೈಲಿನಿಂದ ಕಾಪಿ ಪೇಸ್ಟ್ ಮಾಡಿ.

ಉಣಕಲ್ ದಂಡೆ
ಆಯಿತು!! ಎರಡು ಒಂದಾದವು. ಇದನ್ನು ನಾನು ಜನ್ಮದಲ್ಲಿ ಕಂಡುಹಿಡಿಯುತ್ತಿರಲಿಲ್ಲ.

ಬೆಟಗೇರಿ ರೀಲು
ನನ್ನ ಕೆಲವು ಫೈಲ್‌ಗಳಲ್ಲಿ ಕನ್ನಡವೇ ಇಲ್ಲ. ರೋಮನ್ ಅಕ್ಷರ, ಅದರ ತಲೆಯ ಮೇಲೆ ಚುಕ್ಕಿ, ಟೋಪಿ, ಏನೇನೋ. ಇದೂ ಅದೇನಾ?

ಸಪ್ತಾಪುರ ಕೋಡರ್
ಅದು 'ನುಡಿ' ಅಥವಾ 'ಬರಹ' ಸಾಫ್ಟ್‌ವೇರಿನ ಹಳೆಯ ಆಸ್ಕಿ (ಯುನಿಕೋಡ್ ಅಲ್ಲದ) ಫಾಂಟಿನಲ್ಲಿ ಟೈಪ್ ಮಾಡಿದ್ದು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತದೆ, ಫೋನಿನಲ್ಲಿ ಕಾಣುವುದಿಲ್ಲ. ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಇವೆ. ಪಠ್ಯ ಅಲ್ಲಿ ಹಾಕಿ, ಬಂದದ್ದನ್ನು ತಂದು ಅಂಟಿಸಿ.

ಇನ್ನೊಂದು. ಹೆಸರು ಅರ್ಧಕ್ಕೇ ತುಂಡಾಗಿದ್ದರೆ ಅದು ಐಡಿ3ಯ (ಎಂಪಿ3 ಫೈಲಿನಲ್ಲಿ ಟ್ಯಾಗ್ ಬರೆಯುವ ಪದ್ಧತಿ) ಮೊದಲ ಆವೃತ್ತಿ. ಅದರಲ್ಲಿ ಶೀರ್ಷಿಕೆಗೆ 30 ಬೈಟ್ ಮಾತ್ರ ಜಾಗ. ಯುನಿಕೋಡ್ ಉಳಿಸುವ ಒಂದು ವಿಧಾನವಾದ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಅಂದರೆ ಹತ್ತೇ ಚಿಹ್ನೆ, ಕಾಗುಣಿತ ಒತ್ತು ಎಲ್ಲ ಸೇರಿ. 'ಮಲ್ಲಿಕಾರ್ಜುನ' ಬರೆಯುವುದಕ್ಕೇ ಜಾಗ ಸಾಲದು. ಎಂಪಿ3ಟ್ಯಾಗ್‌ನ ಸೆಟ್ಟಿಂಗ್‌ನಲ್ಲಿ ಐಡಿ3ವಿ2.3, ಯುಟಿಎಫ್-16 ಆರಿಸಿ. ಹಳೆಯ ಆವೃತ್ತಿಯನ್ನು ಅಳಿಸಿಬಿಡಿ.

ಹಾವೇರಿ ಏಲಕ್ಕಿ
2.4 ಹೊಸದಲ್ವಾ, ಅದು ಯಾಕೆ ಬೇಡ?

ಸಪ್ತಾಪುರ ಕೋಡರ್
ಹೊಸದು ಅಂದರೂ 2000ದ್ದು. ಫೋನಿಗೆ ಸರಿ. ಕೆಲವು ಕಾರ್ ಸ್ಟೀರಿಯೊ ಓದುವುದಿಲ್ಲ.

ರಾಣೆಬೆನ್ನೂರು ಪ್ಯಾಸೆಂಜರ್
ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ಅಂತ ಒಂದಿದೆ, ಹಾಡು ಕೇಳಿ ತಾನೇ ಟ್ಯಾಗ್ ತುಂಬುತ್ತದೆ ಅಂದರು. ಒಂದೇ ಏಟಿಗೆ ಎಲ್ಲ ಸರಿಯಾಗುತ್ತಾ?

ಕಿರಾಣಾ ಕಿವಿ
ಒಂದೇ ಏಟಿಗೆ ಎಲ್ಲ ಕೆಡಲೂಬಹುದು. ಪಿಕಾರ್ಡ್ ಒಳ್ಳೆಯದೇ. ಆದರೆ ಫೈಲನ್ನು ಒಂದೊಂದಾಗಿ ಗುರುತಿಸಲು ಬಿಟ್ಟರೆ ಒಂದು ಹಾಡನ್ನು ಮೂಲ ಆಲ್ಬಮ್ಮಿಗೆ ಹಾಕುತ್ತದೆ, ಪಕ್ಕದ್ದನ್ನು ಎಲ್ಲಿಯದೋ ಸಂಕಲನಕ್ಕೆ ಹಾಕುತ್ತದೆ. ಮೊದಲು ಕ್ಲಸ್ಟರ್ ಒತ್ತಿ, ಆಮೇಲೆ ಆ ಗುಂಪಿಗೆ ಲುಕಪ್ ಒತ್ತಿ. ಆಗ ಇಡೀ ಆಲ್ಬಮ್ಮಾಗಿ ಹುಡುಕುತ್ತದೆ. ಆದರೂ ಯಾರಾದರೂ ಅಲ್ಲಿ ಮಾಹಿತಿ ಸೇರಿಸಿದ್ದರೆ ತಾನೇ ಸಿಗುವುದು? ರೀಲು ಅವರ ಭಜನೆ ಕ್ಯಾಸೆಟ್ ಅದಕ್ಕೆ ಎಲ್ಲಿ ಸಿಗಬೇಕು. ಕೈಯಲ್ಲೇ ಬರೆಯಬೇಕು.

ಹೆಸರಿನ ವಿಷಯಕ್ಕೂ ಅಷ್ಟೇ. ಸವಾಯಿ ಗಂಧರ್ವ ಅಂದರೂ ರಾಮಭಾವು ಕುಂದಗೋಳಕರ ಅಂದರೂ ಒಬ್ಬರೇ. ಫೋನಿಗೆ ಇಬ್ಬರು. ಒಂದು ಹೆಸರು ಗಟ್ಟಿ ಮಾಡಿಕೊಂಡು ಎಲ್ಲ ಕಡೆ ಅದನ್ನೇ ಹಾಕಿ. ಪಂಡಿತ್, ವಿದುಷಿ, ಡಾ. ಎಲ್ಲ ಬಿಟ್ಟುಬಿಡಿ. ಗೌರವ ಮನಸ್ಸಿನಲ್ಲಿ ಇರಲಿ, ಟ್ಯಾಗಿನಲ್ಲಿ ಬೇಡ. ಇಲ್ಲದಿದ್ದರೆ ಅರ್ಧ ಧಾರವಾಡ 'ಪ' ಅಕ್ಷರದ ಕೆಳಗೆ ಬರುತ್ತದೆ.

ದುರ್ಗದಬೈಲ್ ಗಿರ್ಮಿಟ್
ಅಂದರೆ ನಿಮ್ಮ ಫೋನಿನಲ್ಲಿ ಬರೀ 'ಗಂಗೂಬಾಯಿ ಹಾನಗಲ್'? ನಮ್ಮ ಹುಬ್ಬಳ್ಳಿಯವರಿಗೆ ಡಾ. ಕೂಡ ಇಲ್ವಾ?

ಕಿರಾಣಾ ಕಿವಿ
ಅವರ ಹೆಸರೇ ಸಾಕು.

ಬೆಟಗೇರಿ ರೀಲು
ಭೀಮಸೇನ ಜೋಶಿಯವರು ನಮ್ಮ ಗದಗದ ಕಡೆಯವರು, 1922ರಲ್ಲಿ ಈಗಿನ ಗದಗ ಜಿಲ್ಲೆಯಲ್ಲೇ ಹುಟ್ಟಿದ್ದು. ಸುಮ್ನೆ ಹೇಳಿದೆ.

ಲೈನ್ ಬಜಾರ್
ಶುರುವಾಯಿತು. ಮನ್ಸೂರರ ಮನೆ 'ಮೃತ್ಯುಂಜಯ' ಧಾರವಾಡದಲ್ಲಿದೆ, ನಾನೂ ಸುಮ್ನೆ ಹೇಳಿದೆ. ಈಗ ವಿಷಯಕ್ಕೆ ಬರೋಣ್ವಾ?

ರಾಣೆಬೆನ್ನೂರು ಪ್ಯಾಸೆಂಜರ್
ಬರೋಣ. ಹಾಡಿನ ಕ್ರಮ. ಒಂದು ಆದ ಮೇಲೆ ಹತ್ತು, ಹನ್ನೊಂದು, ಆಮೇಲೆ ಎರಡು ಬರುತ್ತದೆ.

ಲೈನ್ ಬಜಾರ್
ಫೈಲಿನ ಹೆಸರಿನಿಂದ ಜೋಡಿಸುತ್ತಿದೆ. ಟ್ರ್ಯಾಕ್ ನಂಬರ್ ಖಾಲಿ ಇರಬೇಕು. ಎಂಪಿ3ಟ್ಯಾಗ್‌ನಲ್ಲಿ ಫೈಲ್‌ಗಳನ್ನು ಬೇಕಾದ ಕ್ರಮದಲ್ಲಿ ಇಟ್ಟು, ಟೂಲ್ಸ್‌ನಲ್ಲಿ ಆಟೋ ನಂಬರಿಂಗ್ ವಿಝಾರ್ಡ್ ಒತ್ತಿ. 1, 2 ಬದಲು 01, 02 ಅಂತ ಹಾಕಲು ಅಲ್ಲೇ ಟಿಕ್ ಇದೆ. ಎರಡು ಸಿಡಿ ಇದ್ದರೆ ಆಲ್ಬಂ ಹೆಸರಿಗೆ 'ಭಾಗ 2' ಅಂತ ಸೇರಿಸಬೇಡಿ, ಡಿಸ್ಕ್ ನಂಬರ್ ಜಾಗದಲ್ಲಿ 1, 2 ಹಾಕಿ.

ಹಾವೇರಿ ಏಲಕ್ಕಿ
ನನ್ನ ಕಾರಿನಲ್ಲಿ ಪೆನ್‌ಡ್ರೈವ್ ಹಾಕಿದರೆ 01, 02 ಇದ್ದರೂ ಕ್ರಮ ತಪ್ಪುತ್ತದೆ. ನಿಮ್ಮ ಟ್ಯಾಗ್ ಪುರಾಣ ಅಲ್ಲಿ ನಡೆಯುವುದಿಲ್ಲ, ನೋಡಿದಿರಾ.

ಸಪ್ತಾಪುರ ಕೋಡರ್
ಅಲ್ಲಿ ಕಾರಣ ಬೇರೆ. ಕೆಲವು ಅಗ್ಗದ ಸ್ಟೀರಿಯೊಗಳು ಹೆಸರನ್ನೂ ನೋಡುವುದಿಲ್ಲ, ಟ್ಯಾಗನ್ನೂ ನೋಡುವುದಿಲ್ಲ. ಪೆನ್‌ಡ್ರೈವಿನ ಒಳಗೆ ಫೈಲ್‌ಗಳ ದಾಖಲೆ ಇರುವ ಫ್ಯಾಟ್ ಪಟ್ಟಿಯಲ್ಲಿ ಯಾವ ಫೈಲ್ ಮೊದಲು ದಾಖಲಾಗಿದೆಯೋ ಅದನ್ನೇ ಮೊದಲು ಹಾಡಿಸುತ್ತವೆ. ಫ್ಯಾಟ್‌ಸಾರ್ಟ್ ಅನ್ನುವ ಸಣ್ಣ ಉಪಕರಣ ಆ ಪಟ್ಟಿಯನ್ನು ಮತ್ತೆ ಜೋಡಿಸುತ್ತದೆ. ಅದು ಬೇಡ ಅಂದರೆ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ, ಫೈಲ್‌ಗಳನ್ನು ಕ್ರಮವಾಗಿ ಒಂದೊಂದೇ ಕಾಪಿ ಮಾಡಿ.

ಹಾವೇರಿ ಏಲಕ್ಕಿ
ಇದು ಕೆಲಸಕ್ಕೆ ಬರುವ ಮಾತು. ಇವತ್ತು ಸಂಜೆಯೇ ನೋಡ್ತೀನಿ.

ಉಣಕಲ್ ದಂಡೆ
ಎಲ್ಲ ತಿದ್ದಿ ಮತ್ತೆ ಕಾಪಿ ಮಾಡಿದೆ. ಆದರೂ ಕೆಲವು ಹಳೆಯ ತುಂಡು ಆಲ್ಬಂಗಳು ಹಾಗೇ ಕಾಣುತ್ತಿವೆ. ಒತ್ತಿದರೆ ಹಾಡುವುದಿಲ್ಲ.

ಲೈನ್ ಬಜಾರ್
ಫೋನ್ ಹಳೆಯ ಪಟ್ಟಿಯನ್ನೇ ಹಿಡಿದುಕೊಂಡಿದೆ. ಮೊದಲು ಆ್ಯಪ್‌ನಲ್ಲಿ ರೀಸ್ಕ್ಯಾನ್ ಇದೆಯಾ ನೋಡಿ. ಇಲ್ಲದಿದ್ದರೆ ಸೆಟ್ಟಿಂಗ್ಸ್, ಆ್ಯಪ್ಸ್, ಸಿಸ್ಟಂ ಆ್ಯಪ್‌ಗಳನ್ನೂ ತೋರಿಸು ಅಂತ ಹೇಳಿ, ಮೀಡಿಯಾ ಸ್ಟೋರೇಜ್‌ನ ಡೇಟಾ ಕ್ಲಿಯರ್ ಮಾಡಿ, ಫೋನ್ ರೀಸ್ಟಾರ್ಟ್ ಮಾಡಿ. ಹಾಡುಗಳು ಅಳಿಯುವುದಿಲ್ಲ, ಪಟ್ಟಿ ಮಾತ್ರ ಹೊಸದಾಗಿ ತಯಾರಾಗುತ್ತದೆ. ಜಾಸ್ತಿ ಹಾಡಿದ್ದರೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಫೋನಿನಲ್ಲೇ ಮಾಡಿದ ಪ್ಲೇಲಿಸ್ಟ್‌ಗಳು ಹೋಗಬಹುದು, ಅವನ್ನು ಮೊದಲು ಎಕ್ಸ್‌ಪೋರ್ಟ್ ಮಾಡಿಕೊಳ್ಳಿ.

ದುರ್ಗದಬೈಲ್ ಗಿರ್ಮಿಟ್
ವಾಟ್ಸ್ಆ್ಯಪ್‌ನಲ್ಲಿ ಬಂದ ಆಡಿಯೋಗಳೂ ಹಾಡಿನ ಪಟ್ಟಿಯಲ್ಲಿ ಬರುತ್ತವೆ. ನಮ್ಮ ಮಾವನ ಗುಡ್ ಮಾರ್ನಿಂಗ್ ಸಂದೇಶ 'ಅನ್‌ನೋನ್ ಆಲ್ಬಂ'ನಲ್ಲಿ ಇದೆ. ಅದಕ್ಕೆ ಯಾವ ಟ್ಯಾಗ್?

ಸಪ್ತಾಪುರ ಕೋಡರ್
ಆ ಫೋಲ್ಡರಿನಲ್ಲಿ '.ನೋಮೀಡಿಯಾ' ಅನ್ನುವ ಖಾಲಿ ಫೈಲ್ ಇಡಿ, ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ, ಮುಂದೆ ಚುಕ್ಕಿ ಮರೆಯಬೇಡಿ. ಸ್ಕ್ಯಾನರ್ ಆ ಫೋಲ್ಡರ್ ಬಿಟ್ಟುಬಿಡುತ್ತದೆ. ಹಾಡಿನ ಫೋಲ್ಡರಿನಲ್ಲಿ ಇಟ್ಟುಬಿಟ್ಟೀರಿ ಮತ್ತೆ, ಎಲ್ಲ ಮಾಯವಾಗುತ್ತದೆ.

ಬೆಟಗೇರಿ ರೀಲು
ಉಳಿದ ಕ್ಯಾಸೆಟ್‌ಗಳನ್ನು ನಾನೇ ಮಾಡಬೇಕು ಅಂದುಕೊಂಡಿದ್ದೇನೆ. ಒಂದು ಬದಿ ಪೂರ್ತಿ ಒಂದೇ ಫೈಲ್ ಆಗಿ ಬರುತ್ತದೆ. ತುಂಡು ಮಾಡುವುದು ಹೇಗೆ?

ಕಿರಾಣಾ ಕಿವಿ
ಅಡಾಸಿಟಿ ಅನ್ನುವ ಸಾಫ್ಟ್‌ವೇರ್. ಪ್ರತಿ ಪದ ಶುರುವಾಗುವಲ್ಲಿ ಒಂದು ಲೇಬಲ್ ಹಾಕಿ, ಹೆಸರು ಬರೆಯಿರಿ. ಎಲ್ಲ ಮುಗಿದ ಮೇಲೆ ಎಕ್ಸ್‌ಪೋರ್ಟ್‌ನಲ್ಲಿ ಮಲ್ಟಿಪಲ್ ಆರಿಸಿದರೆ ಲೇಬಲ್ ಪ್ರಕಾರ ತಾನೇ ಕತ್ತರಿಸಿ ಕೊಡುತ್ತದೆ. ಮೊದಲು ಟೇಪಿನ ಹೆಡ್ ಒರೆಸಿಕೊಳ್ಳಿ. ಮೂಲವನ್ನು (ಎಂಪಿ3 ಮಾಡುವ ಮೊದಲಿನದು) ಫ್ಲ್ಯಾಕ್‌ನಲ್ಲಿ ಇಡಿ, ವೇವ್‌ನಲ್ಲಿ ಬೇಡ. ವೇವ್ ಫೈಲಿನ ಟ್ಯಾಗನ್ನು ಬಹಳ ಆ್ಯಪ್‌ಗಳು ಓದುವುದಿಲ್ಲ, ಮತ್ತೆ ಎಲ್ಲ 'ಅನ್‌ನೋನ್' ಆಗುತ್ತದೆ. ಖಯಾಲ್ ಇದ್ದರೆ ವಿಳಂಬಿತ್ ದ್ರುತ್ ನಡುವೆ ಕತ್ತರಿಸಬೇಡಿ ದಯವಿಟ್ಟು.

ರಾಣೆಬೆನ್ನೂರು ಪ್ಯಾಸೆಂಜರ್
ಎಂ4ಎ ಫೈಲಿಗೂ ಇದೇ ಆಲ್ಬಂ ಆರ್ಟಿಸ್ಟ್ ನಡೆಯುತ್ತಾ?

ಲೈನ್ ಬಜಾರ್
ನಡೆಯುತ್ತದೆ. ಎಂ4ಎ, ಫ್ಲ್ಯಾಕ್ ಎರಡಕ್ಕೂ. ಅವುಗಳದ್ದು ಐಡಿ3 ಅಲ್ಲ, ಬೇರೆ ಬಗೆಯ ಟ್ಯಾಗ್. ಆದರೆ ಎಂಪಿ3ಟ್ಯಾಗ್‌ನಲ್ಲಿ ಅದೇ ಕಾಲಂ, ಅದೇ ಕೆಲಸ.

ಬೆಟಗೇರಿ ರೀಲು
ಟೇಪ್ ಹೆಡ್ ಒರೆಸುವ ಸ್ಪಿರಿಟ್ ಈಗ ಎಲ್ಲಿ ಸಿಗುತ್ತದೆ? ಹುಬ್ಬಳ್ಳಿಗೇ ಬರಬೇಕಾ?

ಕಿರಾಣಾ ಕಿವಿ
ಐಸೊಪ್ರೊಪೈಲ್ ಆಲ್ಕೋಹಾಲ್ ಅಂತ ಕೇಳಿ. ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ, ಗದಗದಲ್ಲೇ ಸಿಗಬೇಕು. ಹತ್ತಿಗೆ ಸ್ವಲ್ಪವೇ ಹಾಕಿ, ರಬ್ಬರ್ ರೋಲರಿಗೆ ಮಾತ್ರ ತಾಗಿಸಬೇಡಿ.